ನಾಯಿಯನ್ನು ಬಿಟ್ಟು ಹೋಗಿದ್ದಾರೆ

ಬರೆದುಕೊಳ್ಳಿ, ಸಾರ್ಜೆಂಟ್.
ಹೆಸರು ಇಲುಮಿನಾಡಾ. ಊರಿಗೆಲ್ಲ ಲೂಮಿಂಗ್.
ವಯಸ್ಸು ಎಪ್ಪತ್ತೊಂದು. ಕಸುಬು?
ಒಣಮೀನು ಮಾರುತ್ತೇನೆ. ಸಂತನ ಬಟ್ಟೆ ಒಗೆಯುತ್ತೇನೆ.

ಕಳುವಾದದ್ದು ವಸ್ತುವಲ್ಲ,
ಆದರೆ ನಿಮ್ಮ ಫಾರಮ್ಮಿನಲ್ಲಿ ಬೇರೆ ಕಾಲಂ ಇಲ್ಲ,
ವಸ್ತು ಎಂದೇ ಬರೆಯಿರಿ:
ಸಂತ ರೋಕೆ. ಮೊಲಾವೆ ಮರದವನು,
ಮಳೆಗೆ ಜಗ್ಗದವನು, ಗೆದ್ದಲಿನ ಹಲ್ಲು ಮುರಿದವನು.
ಎತ್ತರ, ನನ್ನ ಭುಜಕ್ಕೆ.
ಮದುವೆಯಾದ ವರ್ಷ ಎದೆಮಟ್ಟ ಇದ್ದ;
ಅವನು ಬೆಳೆಯಲಿಲ್ಲ, ಕುಗ್ಗಿದ್ದು ನಾನು.

ಗುರುತು?
ಎಡತೊಡೆಯಲ್ಲಿ ಗಾಯ. ಪ್ಲೇಗಿನದು,
ಕೆತ್ತಿದವನೇ ಮಾಡಿದ್ದು.
ಅಂಗಿಯ ಅಂಚನ್ನು ಎರಡೇ ಬೆರಳಲ್ಲಿ ಎತ್ತಿ
ವೈದ್ಯನಿಗೆ ತೋರಿಸುವ ಹಾಗೆ
ಊರಿಗೆ ತೋರಿಸುತ್ತ ನಿಂತಿರುತ್ತಾನೆ.
ಕೆಂಪು ಮಾಸಿದಾಗ ಮೊಮ್ಮಗಳ ಉಗುರುಬಣ್ಣ ಹಚ್ಚಿದ್ದೆ.
ಅದನ್ನು ಬರೆಯಬೇಡಿ, ಪಾದ್ರಿಗೆ ಗೊತ್ತಿಲ್ಲ.

ಬಲಗೈಗೆ ಹೆಬ್ಬೆರಳಿಲ್ಲ. ಅದು ಕಳುವಲ್ಲ.
ಕಾಲರಾ ಬಂದ ವರ್ಷ ನಮ್ಮ ಅಜ್ಜಿಯ ಅಜ್ಜಿ
ಚೂರು ಚೂರೇ ಕೆರೆದು ನೀರಿಗೆ ಹಾಕಿ
ಓಣಿಯ ಮಕ್ಕಳಿಗೆಲ್ಲ ಕುಡಿಸಿದಳಂತೆ.
ಬದುಕುಳಿದವರ ಮರಿಮಕ್ಕಳು ಊರು ತುಂಬ ಇದ್ದಾರೆ.
ಮೂಗು ನೋಡಿದರೆ ನೀವೂ ಅದೇ ಪೈಕಿ.
ಹೆಬ್ಬೆರಳಿನ ಒಂದು ಸಿಬಿರು
ನಿಮ್ಮೊಳಗೂ ಎಲ್ಲೋ ಇದ್ದೀತು.

ಬೆಲೆ?
ಬೆಲೆ ಗೊತ್ತಿದ್ದವನು ಒಯ್ದಿದ್ದಾನೆ, ಅವನನ್ನೇ ಕೇಳಿ.
ಹೋದ ತಿಂಗಳು ಟಗ್ಬಿಲರಾನಿನಲ್ಲಿ ಹಡಗಿಳಿದು
ಮನಿಲಾದವನೊಬ್ಬ ಬಂದಿದ್ದ. ಬಿಳಿ ಬೂಟು, ಸಣ್ಣ ಟಾರ್ಚು.
ಸಂತನ ಬೆನ್ನಿಗೆ, ಕಂಕುಳಿಗೆ ಬೆಳಕು ಬಿಟ್ಟ,
ಬಣ್ಣ ಕೆರೆದು ಮೂಸಿದ.
"ಇನ್ನೂರು ವರ್ಷ, ಅಜ್ಜೀ, ಇನ್ನೂರು!" ಅಂದ,
ಸಂತೆಯಲ್ಲಿ ಕೋಣದ ಹಲ್ಲು ಎಣಿಸುವವನ ಹಾಗೆ.
ಕಾಲಬುಡದ ನಾಯಿಯನ್ನು ನೋಡಿ ನಕ್ಕ:
"ಇದು ಕಸ."

ಹೌದು, ನಾಯಿ ಹೊಸದು.
ಹಳೆಯದು ಭೂಕಂಪದ ದಿನ ಗೋಡೆಯಡಿ ಪುಡಿಯಾಯಿತು.
ಕಾಡಲ್ಲಿ ಒಬ್ಬನೇ ನರಳುತ್ತಿದ್ದವನಿಗೆ
ದಿನಾ ರೊಟ್ಟಿ ಕಚ್ಚಿ ತಂದದ್ದು ನಾಯಿ ತಾನೇ?
ಅದಿಲ್ಲದೆ ಅವನನ್ನು ಹೇಗೆ ನಿಲ್ಲಿಸುವುದು?
ಆಗ ಟೆಬಾನ್, ದೋಣಿ ಕಟ್ಟುವ ಬಡಗಿ,
ಸಂತರ ಕೆತ್ತನೆಯ ಗಂಧಗಾಳಿ ಇಲ್ಲದವನು,
ಹಲಸಿನ ತುಂಡು ಹಿಡಿದು
ತನ್ನ ಬಾಗಿಲಲ್ಲಿ ಬಿದ್ದಿದ್ದ ನಾಯಿಯನ್ನೇ ನೋಡಿ ಕೆತ್ತಿದ:
ಒಂದು ಕಿವಿ ಜೋಲು, ಎದ್ದ ಪಕ್ಕೆಲುಬು,
ಬಾಯಲ್ಲಿ ರೊಟ್ಟಿ. ಅದೂ ಥೇಟು
ನಮ್ಮ ಬೇಕರಿಯ ಪಾನ್ ದೆ ಸಾಲ್.
ಟೆಬಾನ್ ಹೋದ. ಮಾರನೆಯ ವರ್ಷ ಅವನ ನಾಯಿಯೂ.

ಕಳ್ಳರು ಮೊಳೆ ಬಿಡಿಸಿ
ನಾಯಿಯನ್ನು ಪಕ್ಕಕ್ಕಿಟ್ಟು ಹೋಗಿದ್ದಾರೆ,
ಮೆಲ್ಲಗೆ, ಬಾಲ ಕೂಡ ಮುರಿಯದ ಹಾಗೆ.
ಇದನ್ನು ಬರೆಯಿರಿ: ಕೈ ಪಳಗಿದೆ ಅವರಿಗೆ.

ನಾಳಿದ್ದು ಹಬ್ಬ. ಮೆರವಣಿಗೆ ಬೇಡ ಅಂದರು ಪಾದ್ರಿ.
ನಾನು ಗಾಡಿ ಒರೆಸಿದೆ. ದೀಪಕ್ಕೆ ಬತ್ತಿ ಹಾಕಿದೆ.
ನಾಯಿಯನ್ನು ಅದರ ಜಾಗದಲ್ಲೇ ಕೂರಿಸಿದೆ,
ಅವನ ಜಾಗ ಅವನಿಗೇ ಬಿಟ್ಟು.
ಕತ್ತೆತ್ತಿ ನೋಡುತ್ತದೆ ಅದು. ಟೆಬಾನ್ ಕೆತ್ತಿದ್ದೇ ಹಾಗೆ,
ಸಂತನ ಮುಖ ಕಾಣಲೆಂದು.
ಈಗ ಅಲ್ಲಿ ಕರೆಂಟಿನ ತಂತಿ, ಒಂದಿಷ್ಟು ಆಕಾಶ.
ರೊಟ್ಟಿ ಮಾತ್ರ ಬಿಟ್ಟಿಲ್ಲ.

ನೀವು ಹುಡುಕಿ. ಎಲ್ಲೋ ಗಾಜಿನ ಕಪಾಟಿನೊಳಗೆ,
ತಣ್ಣನೆಯ ಕೋಣೆಯಲ್ಲಿ,
ಅಂಗಿ ಎತ್ತಿಕೊಂಡು ನಿಂತಿರುತ್ತಾನೆ.
ಬಂದವರು ಕೆತ್ತನೆ ಹೊಗಳುತ್ತಾರೆ.
ಗಾಯ ನೆಕ್ಕುವವರು ಯಾರೂ ಇರುವುದಿಲ್ಲ.
ಉಗುರುಬಣ್ಣ ಇನ್ನೂ ಇದ್ದರೆ, ಅವನೇ.

ಆಯಿತೇ? ಎಲ್ಲಿ ಹಾಕಲಿ?
ಬರುತ್ತದೆ, ಸಹಿ ಬರುತ್ತದೆ ನನಗೆ.
ಇರಲಿ, ಆ ಮಸಿ ಇತ್ತ ತನ್ನಿ,
ಇವತ್ತು ಹೆಬ್ಬೆಟ್ಟೇ ಒತ್ತುತ್ತೇನೆ.